ಅಮೆರಿಕದ ಕ್ಲಾರ್ಕ್ ಕೆರ್ ಅವರನ್ನು ವಿಶ್ವವಿದ್ಯಾಲಯ ಅಧ್ಯಕ್ಷರಲ್ಲಿ ಅಷ್ಟು ದೊಡ್ಡವರು ಎನ್ನುವುದು ಯಾಕೆ?

ಮುಖ್ಯ ಕಾರಣ 1960ರ ‘ಮಾಸ್ಟರ್ ಪ್ಲಾನ್’. ಕ್ಯಾಲಿಫೋರ್ನಿಯಾದಲ್ಲಿ ಓದಬೇಕು ಅನ್ನುವ ಎಲ್ಲರಿಗೂ ಒಂದಲ್ಲ ಒಂದು ಸರ್ಕಾರಿ ಕಾಲೇಜಿನಲ್ಲಿ ಜಾಗ ಕೊಡುವ ಯೋಜನೆ ಅದು. ಕೆರ್ 1958ರಿಂದ 1967ರವರೆಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದರು. ನಮ್ಮಲ್ಲಿ ಕುಲಪತಿ ಇದ್ದ ಹಾಗೆ.

ಹೈಸ್ಕೂಲಿನಲ್ಲಿ ಮೇಲಿನ ಎಂಟನೇ ಒಂದು ಪಾಲಿನಲ್ಲಿದ್ದವರಿಗೆ ವಿಶ್ವವಿದ್ಯಾಲಯ, ಮೇಲಿನ ಮೂರನೇ ಒಂದು ಪಾಲಿನವರಿಗೆ ರಾಜ್ಯ ಕಾಲೇಜು, ಉಳಿದವರಿಗೆ ಎರಡು ವರ್ಷದ ಜೂನಿಯರ್ ಕಾಲೇಜು. ಅಲ್ಲಿ ಚೆನ್ನಾಗಿ ಓದಿದರೆ ಮೂರನೇ ವರ್ಷಕ್ಕೆ ವಿಶ್ವವಿದ್ಯಾಲಯಕ್ಕೇ ಬರಬಹುದಿತ್ತು. ಹದಿನೆಂಟನೇ ವಯಸ್ಸಿನಲ್ಲಿ ಹಿಂದೆ ಬಿದ್ದವರಿಗೆ ಇನ್ನೊಂದು ಅವಕಾಶ! ನನಗೆ ಇದೇ ಎಲ್ಲಕ್ಕಿಂತ ಜಾಸ್ತಿ ಮೆಚ್ಚುಗೆಯಾದ ಭಾಗ.

ಈ ಒಪ್ಪಂದ ಸುಮ್ನೆ ಆಗಲಿಲ್ಲ. ರಾಜ್ಯ ಕಾಲೇಜುಗಳು ತಮಗೂ ಪಿಎಚ್.ಡಿ. ಕೊಡುವ ಹಕ್ಕು ಬೇಕು ಎನ್ನುತ್ತಿದ್ದವು. ಕೆರ್ ಅರ್ಥಶಾಸ್ತ್ರಜ್ಞರು, ಕಾರ್ಮಿಕರು ಮತ್ತು ಮಾಲೀಕರ ಜಗಳಗಳಲ್ಲಿ ರಾಜಿ ಮಾಡಿಸಿ ಪಳಗಿದವರು. ಆ ಅನುಭವ ಇಲ್ಲಿ ಕೆಲಸಕ್ಕೆ ಬಂತು. ಯಾರ ಕೆಲಸ ಯಾವುದು ಅನ್ನುವುದು ಮಾತುಕತೆಯಲ್ಲೇ ತೀರ್ಮಾನವಾಯಿತು.

1964ರಲ್ಲಿ ಇದೇ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ವಾಕ್ ಸ್ವಾತಂತ್ರ್ಯಕ್ಕಾಗಿ ನಡೆದ ವಿದ್ಯಾರ್ಥಿ ಚಳವಳಿಯಲ್ಲಿ ಮಾತ್ರ ಅವರ ರಾಜಿಯ ದಾರಿ ವಿದ್ಯಾರ್ಥಿಗಳಿಗೂ ಹಿಡಿಸಲಿಲ್ಲ, ಅವರ ಮೇಲೆ ಬಿಗಿ ಕ್ರಮ ಬೇಕು ಎನ್ನುವವರಿಗೂ ಹಿಡಿಸಲಿಲ್ಲ. ಬಿಗಿ ಕ್ರಮ ಬೇಕು ಎನ್ನುತ್ತಿದ್ದ ರೊನಾಲ್ಡ್ ರೇಗನ್ 1967ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಆದರು. ಅದೇ ತಿಂಗಳು ವಿಶ್ವವಿದ್ಯಾಲಯದ ಆಡಳಿತ ಮಂಡಳಿ 14–8 ಮತಗಳಿಂದ ಕೆರ್ ಅವರನ್ನು ತೆಗೆದುಹಾಕಿತು.