ಉಪ್ಪಿಗೆ ಮದ್ದು ನೀರೇ ಹೊರತು ಡೀಸೆಲ್ ಅಲ್ಲ

ಪ್ರಶ್ನೆ: ಕಾರವಾರ ಮತ್ತು ಅಂಕೋಲಾ ನಡುವೆ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ, ಕಡಲಿಗೆ ಮುಖ ಮಾಡಿ ನಮ್ಮ ಪೆಟ್ರೋಲ್ ಬಂಕ್ ಇದೆ. ತುಕ್ಕು ಹಿಡಿಯಬಾರದೆಂದು ಪಂಪುಗಳನ್ನು ವಾರಕ್ಕೊಮ್ಮೆ ಡೀಸೆಲ್ ಅದ್ದಿದ ಬಟ್ಟೆಯಿಂದ ಒರೆಸುತ್ತೇವೆ. ಆಗಾಗ ವಾಹನ ತೊಳೆಯುವ ಪ್ರೆಷರ್ ವಾಷರ್‌ನಿಂದ ಪೂರ್ತಿ ತೊಳೆಸುತ್ತೇವೆ. ಆದರೂ ಬಾಗಿಲಿನ ಅಂಚು ಮತ್ತು ಬೋಲ್ಟುಗಳು ತುಕ್ಕು ಹಿಡಿಯುತ್ತಿವೆ. ಇನ್ನೇನು ಮಾಡಬೇಕು?

ಉತ್ತರ: ಹೊಸದಾಗಿ ಏನನ್ನೂ ಆರಂಭಿಸುವ ಮೊದಲು ಈಗ ಮಾಡುತ್ತಿರುವ ಎರಡನ್ನೂ ನಿಲ್ಲಿಸಿ. ಭಟ್ಕಳದಿಂದ ಕಾರವಾರದವರೆಗಿನ ಬಂಕ್ ಮಾಲೀಕರು ಇದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿರುವುದರಿಂದ ಈ ಸಲ ಇದಕ್ಕೇ ಹೆಚ್ಚು ಜಾಗ ಕೊಡುತ್ತಿದ್ದೇನೆ.

ಕಡಲ ಗಾಳಿ ಹೊತ್ತು ತರುವ ಉಪ್ಪು ನೀರಿನಲ್ಲಿ ಕರಗುತ್ತದೆ, ಡೀಸೆಲ್‌ನಲ್ಲಿ ಕರಗುವುದಿಲ್ಲ. ಡೀಸೆಲ್ ಒರೆಸಿದಾಗ ಕವಚ ಮಿರಮಿರ ಹೊಳೆಯುವುದು ನಿಜವಾದರೂ ಉಪ್ಪಿನ ಕಣಗಳು ಆ ಎಣ್ಣೆಪಸೆಯ ಅಡಿಯಲ್ಲಿ ಹಾಗೆಯೇ ಉಳಿದು, ಗಾಳಿಯ ತೇವವನ್ನು ಹೀರಿಕೊಂಡು, ಬಣ್ಣ ಬಿರಿದಿರುವ ಕಡೆಯಿಂದ ಲೋಹವನ್ನು ತಿನ್ನತೊಡಗುತ್ತವೆ. ನಿಮ್ಮ ಪಂಪಿನ ಕೆಳಬಾಗಿಲಿನ ಕೀಲನ್ನು ಬಗ್ಗಿ ನೋಡಿ: ಬೋಲ್ಟಿನ ತಲೆಯ ಸುತ್ತ ಬೆಳ್ಳಗಿನ ಪುಡಿ ಕಟ್ಟಿಕೊಂಡು, ಅದರ ಕೆಳಗೆ ಕಂದು ಗೆರೆಯೊಂದು ಇಳಿದಿರುತ್ತದೆ. ತುಕ್ಕು ಹುಟ್ಟುವುದು ಅಲ್ಲಿ. ನಿಮ್ಮ ಹುಡುಗರು ಡೀಸೆಲ್ ತಿಕ್ಕುವುದು ಗಿರಾಕಿಗೆ ಕಾಣುವ ಮುಂಭಾಗಕ್ಕೆ. ಇದಲ್ಲದೆ ಡೀಸೆಲ್ ಪಸೆಗೆ ಧೂಳು ಅಂಟುತ್ತದೆ, ಅಕ್ಷರದ ಸ್ಟಿಕ್ಕರ್‌ಗಳು ಏಳುತ್ತವೆ, ಹೋಸ್‌ನ ಹೊರಪದರಕ್ಕೂ ಅದು ಒಳ್ಳೆಯದಲ್ಲ. ಪೆಟ್ರೋಲ್‌ನಿಂದ ಒರೆಸುವವರೂ ಇದ್ದಾರೆ. ಅದರ ಆವಿ ಗಾಳಿಗಿಂತ ಭಾರವಾಗಿದ್ದು ನೆಲದ ಮೇಲೆ ಹರಡುತ್ತದೆ. ಒಣ ಪಾಲಿಯೆಸ್ಟರ್ ಬಟ್ಟೆಯ ತಿಕ್ಕಾಟದಿಂದ ಹುಟ್ಟುವ ಸ್ಥಾಯೀ ವಿದ್ಯುತ್ತಿನ ಒಂದು ಕಿಡಿಯೇ ಅದಕ್ಕೆ ಸಾಕು.

ಪ್ರೆಷರ್ ವಾಷರ್ ಇದಕ್ಕಿಂತ ಕೆಟ್ಟದ್ದು. ಪಂಪಿನ ಕವಚವನ್ನು ಮಳೆ ತಡೆಯುವಂತೆ ರೂಪಿಸಿರುತ್ತಾರೆಯೇ ಹೊರತು ಹತ್ತಿರದಿಂದ ರಭಸವಾಗಿ ಚಿಮ್ಮುವ ನೀರನ್ನು ತಡೆಯುವಂತೆ ಅಲ್ಲ. ಆ ನೀರು ಡಿಸ್‌ಪ್ಲೇಯ ರಬ್ಬರ್ ಪಟ್ಟಿಯನ್ನು ದಾಟಿ, ಕೇಬಲ್ ಒಳಹೋಗುವ ಗ್ಲ್ಯಾಂಡ್‌ಗಳನ್ನು ಹಾದು, ವಿದ್ಯುತ್ ತಂತಿಗಳನ್ನು ಜೋಡಿಸಿರುವ ಜಂಕ್ಷನ್ ಬಾಕ್ಸ್ ಸೇರುತ್ತದೆ. ಆಮೇಲೆ ಯಾರೋ ಬಲ್ಲವನೆಂದು ಹೇಳಿಕೊಳ್ಳುವ ಫಿಟ್ಟರ್ ಬಂದು ಬಾಕ್ಸಿನ ಅಂಚಿಗೆಲ್ಲ ಸಿಲಿಕಾನ್ ಮೆತ್ತಿ ಹಣ ಪಡೆದು ಹೋಗುತ್ತಾನೆ. ಆ ದಪ್ಪ ಲೋಹದ ಪೆಟ್ಟಿಗೆಯ ಒಳಗೆ ಆವಿ ಹೊತ್ತಿಕೊಂಡರೂ ಬೆಂಕಿ ಹೊರಗೆ ಬಾರದಂತೆ, ಅಂಚಿನ ಕಿರಿದಾದ ಸಂದಿನಲ್ಲೇ ಜ್ವಾಲೆ ತಣಿದು ಹೋಗುವಂತೆ ಅದನ್ನು ತಯಾರಿಸಿರುತ್ತಾರೆ. ಆ ಸಂದಿಗೆ ಅಂಟು ಮೆತ್ತುವುದು, ಬಣ್ಣ ಬಳಿಯುವುದು, ನಾಲ್ಕು ಬೋಲ್ಟ್ ಇರುವಲ್ಲಿ ಮೂರನ್ನೇ ಹಾಕುವುದು ದುರಸ್ತಿಯಲ್ಲ, ಅಪಾಯಕ್ಕೆ ದಾರಿ. ಅದನ್ನು ತಯಾರಕರ ಅಧಿಕೃತ ತಂತ್ರಜ್ಞರಲ್ಲದೆ ಬೇರೆ ಯಾರೂ ತೆರೆಯಕೂಡದು.

ಮಾಡಬೇಕಾದದ್ದು ಸರಳವಾಗಿದೆ, ಬಹುಶಃ ಅದಕ್ಕಾಗಿಯೇ ಯಾರೂ ಮಾಡುವುದಿಲ್ಲ. ಆ ಪಂಪಿನ ಮಾರಾಟ ನಿಲ್ಲಿಸಿ, ವಿದ್ಯುತ್ ತೆಗೆದು, ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಹತ್ತಿ ಬಟ್ಟೆಯಿಂದ ಮೇಲಿನಿಂದ ಕೆಳಕ್ಕೆ ಒರೆಸಿ. ಜಿಡ್ಡು ಇದ್ದರೆ ನೀರಿಗೆ ಸ್ವಲ್ಪ ಸೌಮ್ಯ ಸೋಪು ಸೇರಿಸಿ, ಕೊನೆಗೆ ಒಣಬಟ್ಟೆಯಿಂದ ಪಸೆ ತೆಗೆಯಿರಿ. ಬೇಸಿಗೆಯಲ್ಲಿ ಕಡಲಂಚಿನ ಎಷ್ಟೋ ಬಾವಿಗಳ ನೀರು ಉಪ್ಪಾಗುತ್ತದೆ. ಅದೇ ನೀರಿನಿಂದ ಒರೆಸಿ ಉಪ್ಪು ತೆಗೆದೆವೆಂದು ಸಮಾಧಾನಪಡಬೇಡಿ. ಗಾಳಿ ಜೋರಾಗಿರುವ ದಿನಗಳಲ್ಲಿ ಈ ಕೆಲಸ ದಿನವೂ ಆಗಬೇಕು. ಕೀಲು, ಬೋಲ್ಟಿನ ತಲೆ, ನಾಝಲ್ ಕೂರುವ ಗೂಡು, ಕೆಳ ಅಂಚಿನ ನೀರು ಬಸಿಯುವ ತೂತು, ಇವು ಮೊದಲು, ಹೊಳಪು ಆಮೇಲೆ. ಬಣ್ಣ ಎದ್ದ ಕಡೆ ತುಕ್ಕು ಕೆರೆದು, ಪ್ರೈಮರ್ ಹಚ್ಚಿ, ಬಣ್ಣ ಕೊಡಿಸಿ. ಆದರೆ ಅಳತೆ ಯಂತ್ರದ ಸೀಲ್ ತಂತಿಯ ಹತ್ತಿರ ಪೇಂಟರ್ ಸುಳಿಯದಂತೆ ನೋಡಿಕೊಳ್ಳಿ. ಅದು ಹರಿದರೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಮತ್ತೆ ಪರೀಕ್ಷಿಸಿ ಮುದ್ರೆ ಹಾಕುವವರೆಗೆ ಆ ಪಂಪಿನಿಂದ ಮಾರುವಂತಿಲ್ಲ.

ಪ್ರಶ್ನೆ: ಫಿಲ್ಟರ್ ಅನ್ನು ತೊಳೆದು ಮತ್ತೆ ಹಾಕಬಹುದೇ?

ಉತ್ತರ: ಬೇಡ.

ಪ್ರಶ್ನೆ: ವಾಹನದ ಟ್ಯಾಂಕ್ ತುಂಬುವ ಮೊದಲೇ ನಾಝಲ್ ಪದೇಪದೇ ಕಟ್ ಆಗುತ್ತದೆ. ತಂತಿಯಿಂದ ಚುಚ್ಚಿ ಸ್ವಚ್ಛ ಮಾಡಿದರೆ ಸರಿಯಾಗುತ್ತದೆಯೇ?

ಉತ್ತರ: ನಾಝಲ್‌ನ ತುದಿಯಲ್ಲಿರುವ ಸಣ್ಣ ತೂತಿನಿಂದ ಗಾಳಿ ಎಳೆಯುವುದು ನಿಂತೊಡನೆ ಒಳಗಿನ ಕವಾಟ ಮುಚ್ಚಿಕೊಳ್ಳುತ್ತದೆ; ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಇಂಥ ತೂತುಗಳೆಂದರೆ ಬಲು ಇಷ್ಟ. ಮೆತ್ತನೆಯ ಬ್ರಷ್‌ನಿಂದ ತುದಿಯನ್ನು ಸ್ವಚ್ಛಗೊಳಿಸಿ. ಆಗಲೂ ಸರಿಹೋಗದಿದ್ದರೆ ನಾಝಲ್ ಬದಲಿಸಿ, ತಂತಿ ಬೇಡ.

ಪ್ರಶ್ನೆ: ನಮ್ಮ ಬಂಕ್ ಶಿರಸಿಯಲ್ಲಿದೆ. ಘಟ್ಟದ ಮೇಲಿನವರಿಗೂ ಈ ಎಚ್ಚರಿಕೆಗಳು ಬೇಕೇ?

ಉತ್ತರ: ಉಪ್ಪಿನ ಕಾಟ ನಿಮಗಿಲ್ಲ, ಮಳೆಯ ಕಾಟ ಇದ್ದೇ ಇದೆ. ಟ್ಯಾಂಕರ್‌ನಿಂದ ಇಂಧನ ಇಳಿಸಿಕೊಳ್ಳುವ ಬಾಯಿಯ ಗುಂಡಿಯಲ್ಲಿ ನಿಂತ ನೀರನ್ನು ಮುಚ್ಚಳ ತೆರೆಯುವ ಮೊದಲೇ ತೆಗೆಯಿರಿ, ಮುಚ್ಚಳದ ರಬ್ಬರ್ ರಿಂಗನ್ನು ಮಳೆಗಾಲಕ್ಕೆ ಮುನ್ನ ಬದಲಿಸಿ. ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್‌ಗೆ ನೀರು ಸೇರಿದರೆ, ಒಂದು ಮಿತಿ ದಾಟಿದ ಮೇಲೆ ಎಥೆನಾಲ್ ನೀರಿನ ಜೊತೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ನೀರು ಪತ್ತೆ ಹಚ್ಚಲು ಟ್ಯಾಂಕಿಗೆ ಇಳಿಸುವ ಅಳತೆ ಕೋಲಿಗೆ (ಡಿಪ್ ರಾಡ್) ಹಚ್ಚುವ ಪೇಸ್ಟ್ ಎಥೆನಾಲ್ ಮಿಶ್ರಿತ ಪೆಟ್ರೋಲ್‌ಗೆಂದೇ ತಯಾರಾದದ್ದು ಹೌದೋ ಅಲ್ಲವೋ ಎಂಬುದನ್ನು ಇವತ್ತೇ ಡಬ್ಬಿಯ ಮೇಲೆ ಓದಿ ನೋಡಿ.