ಹಿತ್ತಾಳೆ ಕೊಡಕ್ಕೆ ಯಾವ ಪಾಲಿಶ್?

ಪ್ರಶ್ನೆ: ಹಳೆಯ ಹಿತ್ತಾಳೆ ಕೊಡವನ್ನು ರಾತ್ರಿಯಿಡೀ ಹುಣಸೆಹುಳಿಯಲ್ಲಿ ನೆನೆಸಿಟ್ಟಾಗ ಗುಲಾಬಿ ಕಲೆಗಳು ಮೂಡಿವೆ. ಅಮೋನಿಯಾ ಇರುವ ಪಾಲಿಶ್ ಹಚ್ಚಬಹುದೇ?
– ಓದುಗರೊಬ್ಬರು, ಇಳಕಲ್, ಬಾಗಲಕೋಟೆ ಜಿಲ್ಲೆ

ಉತ್ತರ: ಹಿತ್ತಾಳೆಯು ತಾಮ್ರ ಮತ್ತು ಸತುವಿನ ಮಿಶ್ರಲೋಹವಾದ್ದರಿಂದ, ಹುಳಿಯಲ್ಲಿ ಬಹಳ ಹೊತ್ತು ಇಟ್ಟರೆ ಮೇಲ್ಮೈಯ ಸತು ಕರಗಿ ತಾಮ್ರದ ಬಣ್ಣ ಎದ್ದು ಕಾಣುತ್ತದೆ. ತೆಳುವಾದ ಕಲೆಯನ್ನು ನುಣುಪಾದ ಪುಡಿಯಿಂದ ಉಜ್ಜಿ ತೆಗೆಯಬಹುದು. ಮುಂದೆ ಹುಳಿಗೆ ಕೆಲವೇ ನಿಮಿಷ ಸಾಕು, ತೊಳೆದ ಕೂಡಲೇ ಒಣಬಟ್ಟೆಯಿಂದ ಒರೆಸಿಡಿ.

ಅಮೋನಿಯಾ ಮಾತ್ರ ಬೇಡವೇ ಬೇಡ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿ ಕುದುರೆ ಲಾಯಗಳ ಬಳಿ ದಾಸ್ತಾನಿಟ್ಟ ಕಾಡತೂಸುಗಳ ಹಿತ್ತಾಳೆ ಕವಚಗಳು ಮಳೆಗಾಲದಲ್ಲಿ ತಾವಾಗಿಯೇ ಬಿರುಕು ಬಿಡುತ್ತಿದ್ದವು. ಲಾಯದಿಂದ ಬರುವ ಅಮೋನಿಯಾ ಮತ್ತು ತಯಾರಿಕೆಯಲ್ಲಿ ಲೋಹದೊಳಗೆ ಉಳಿದ ಬಿಗುವು ಸೇರಿದ್ದೇ ಇದಕ್ಕೆ ಕಾರಣವೆಂದು 1921ರಲ್ಲಿ ವಿವರಿಸಲಾಯಿತು. ಬಡಿದು ರೂಪಿಸಿದ ಕೊಡದಲ್ಲೂ ಇಂಥ ಬಿಗುವು ಉಳಿದಿರಬಹುದು.