ನಿಮ್ಮ ಅಬ್ಬಲಿಗೆ, ಅವರ ಅಬೋಲಿ

ಮೇಡಂ, ನನಗೀಗ 61. ಊರು ಸಾಗರದ ಹತ್ತಿರ, ಇರುವುದು ಮುಂಬೈ ಹತ್ತಿರದ ಡೊಂಬಿವಲಿ. ರಿಟೈರ್ ಆಗಿ ಮೂರು ವರ್ಷ. ನಾಲ್ಕನೇ ಮಹಡಿಯ ಕಿಟಕಿ ಗ್ರಿಲ್ಲಿನಲ್ಲಿ 23 ಕುಂಡ ಇಟ್ಟು ಬಸಳೆ, ದೊಡ್ಡಪತ್ರೆ, ಒಂದೆಲಗ, ಮಜ್ಜಿಗೆ ಹುಲ್ಲು, ಅಬ್ಬಲಿಗೆ ಎಲ್ಲ ಬೆಳೆಸಿದ್ದೇನೆ. ಮಣ್ಣನ್ನು ಕೂಡ ವರ್ಷವರ್ಷ ಊರಿನಿಂದಲೇ ಚೀಲದಲ್ಲಿ ತರುತ್ತೇನೆ. ಕೆಳಗಿನ ಮನೆಯ ಮರಾಠಿ ವಹಿನಿ (ನಾವು ಅತ್ತಿಗೆ ಅನ್ನುವ ಹಾಗೆ) ನನ್ನ 22 ವರ್ಷದ ಗೆಳತಿ. ಇಬ್ಬರೂ ಒಂದೇ ಲೋಕಲ್ ಹಿಡಿದು ಕೆಲಸಕ್ಕೆ ಹೋದವರು. ಭಾನುವಾರ ಮಧ್ಯಾಹ್ನ ಒಟ್ಟಿಗೆ ಕೂತು ಕುಂಡಗಳಿಗೆ ಚಿತ್ರ ಬರೆಯುತ್ತಿದ್ದೆವು. ಅವಳದ್ದು ವಾರ್ಲಿ, ನನ್ನದು ನಮ್ಮ ಕಡೆಯ ಹಸೆ ಚಿತ್ತಾರ. 2005ರ ಜುಲೈ 26ರ ಮಳೆಯಲ್ಲಿ ನಾನು ಮನೆ ಮುಟ್ಟಲಾಗದೇ ಹೋದಾಗ ರಾತ್ರಿಯೆಲ್ಲ ನನ್ನ ಮಗನನ್ನು ನೋಡಿಕೊಂಡವಳೂ ಅವಳೇ. ಅಂಥವಳು ದೀಪಾವಳಿ ಮುಗಿದ ವಾರಕ್ಕೆ ನನ್ನ ಮೇಲೆ ಬಿಲ್ಡಿಂಗಿನ ಸೊಸೈಟಿಗೆ ದೂರು ಬರೆದುಕೊಟ್ಟಿದ್ದಾಳೆ! ನೀರು ಸೋರುತ್ತದಂತೆ. ಡಿಸೆಂಬರ್ 31ರೊಳಗೆ ಕುಂಡ ತೆಗೆಯಬೇಕು ಎಂದು ನೋಟೀಸು ಬಂದಿದೆ. ಮಾರ್ಚ್‌ನಲ್ಲಿ ಒಮ್ಮೆ, ಒಣಹಾಕಿದ ಬಟ್ಟೆ ಮೇಲೆ ಬಿತ್ತು ಅಂತ ನಗುತ್ತಾ ಹೇಳಿದ್ದಳು, ಅಷ್ಟೇ. ಈ ಸಲ ಅವಳ ಕಂದೀಲಿಗೂ (ದೀಪಾವಳಿಯ ಆಕಾಶಬುಟ್ಟಿ) ಸ್ವಲ್ಪ ತಾಗಿತ್ತಂತೆ. ನನಗೆ ನೇರ ಹೇಳಬಹುದಿತ್ತಲ್ಲ? ಈಗ ಲಿಫ್ಟಿನಲ್ಲಿ ಸಿಕ್ಕರೂ ಮಾತಿಲ್ಲ. ನಮ್ಮವರು 'ಈ ವಯಸ್ಸಲ್ಲಿ ಮಣ್ಣಾಟ ಯಾಕೆ, ಏನು ಲಾಭ, ಎಲ್ಲ ಎಸೆದುಬಿಡು' ಅನ್ನುತ್ತಾರೆ. ಗಿಡಕ್ಕೆ ನೀರು ಹಾಕುವಾಗಲೂ ಈಗ ಖುಷಿ ಇಲ್ಲ. ಗಿಡ ಬಿಡಲಾ, ಗೆಳತಿಯನ್ನು ಬಿಡಲಾ?

ಹೆಸರು ಬೇಡ, ಡೊಂಬಿವಲಿ

ಅಕ್ಕಾ,

ನಿಮ್ಮ ಪತ್ರ ಆರು ಪುಟ ಇತ್ತು. ಮೇಲೆ ಹಾಕಿದ್ದು ಅದರ ಸಾರ ಮಾತ್ರ. ಗಿಡಗಳಿಗೆ ಮೂರು ಪುಟ. ನೋಟೀಸಿಗೆ ಒಂದೂವರೆ. ನಿಮ್ಮ ಯಜಮಾನರಿಗೆ ಪಾಪ, ಅರ್ಧ. ಕಂದೀಲಿಗೆ ಒಂದೇ ಸಾಲು. "ಸ್ವಲ್ಪ ತಾಗಿತ್ತಂತೆ." ನಾನು ಮಾತ್ರ ಆ ಸಾಲಿಗೇ ಮತ್ತೆ ಮತ್ತೆ ವಾಪಸ್ ಬಂದೆ.

ವಹಿನಿ ಅಂಗಡಿಯಿಂದ ಕಂದೀಲು ತರುವುದಿಲ್ಲ, ಪ್ರತಿ ವರ್ಷ ತಾವೇ ಕಟ್ಟುತ್ತಾರೆ ಅಂತ ಪತ್ರದ ಇನ್ನೊಂದು ಕಡೆ ನೀವೇ ಬರೆದಿದ್ದೀರಿ. ಮನೆಯಲ್ಲಿ ಕಟ್ಟುವ ಆಕಾಶ ಕಂದೀಲಿನ ಕೆಲಸ ಎಷ್ಟು ಅಂತ ನಿಮಗೆ ನಾನು ಹೇಳಬೇಕಾ? ಬಿದಿರು ಸೀಳಿ ಕಡ್ಡಿ ಮಾಡಿಕೊಳ್ಳಬೇಕು. ದಾರ ಬಿಗಿದು ಚೌಕಟ್ಟು ಕಟ್ಟಬೇಕು. ಒಂದು ಮೂಲೆ ಸೊಟ್ಟಗಾದರೂ ಇಡೀ ಕಂದೀಲು ಒಂದು ಕಡೆ ವಾಲುತ್ತದೆ. ಮೈದಾ ಅಂಟು ಕುದಿಸಿ, ಆರಿಸಿ, ಗಾಳಿಪಟದ ಕಾಗದವನ್ನು ಸುಕ್ಕು ಬೀಳದಂತೆ ಅಂಟಿಸಬೇಕು. ಕೆಳಗೆ ಇಳಿಬಿಡುವ ಕಾಗದದ ಪಟ್ಟಿಗಳನ್ನು, ಆ ಝಿರಮಿಳ್ಯಾಗಳನ್ನು, ಒಂದೊಂದಾಗಿ ಕತ್ತರಿಸಬೇಕು. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಎಷ್ಟೋ ಸಂಜೆ ಕೂತು ಮಾಡುವ ಕೆಲಸ ಅದು. ಆ ತೆಳು ಕಾಗದಕ್ಕೆ ಬರೀ ನೀರು ಬಿದ್ದರೇ ಬಣ್ಣ ಹರಡುತ್ತದೆ, ಅಂಟು ಬಿಡುತ್ತದೆ. ನಿಮ್ಮದು ಸಾಗರದ ಕೆಮ್ಮಣ್ಣಿನ ನೀರು. ಅದು ಸ್ವಲ್ಪ ತಾಗುವುದು ಅಂತ ಇಲ್ಲ ಅಕ್ಕಾ. ತಾಗಿತು ಅಂದರೆ ಮುಗಿಯಿತು.

ಐದನೇ ಮಹಡಿಯವರು ಕಿಟಕಿ ತೊಳೆದ ಫಿನಾಯಿಲ್ ನೀರು ಬಿದ್ದು ನಿಮ್ಮ ಅಬ್ಬಲಿಗೆ ಸುಟ್ಟುಹೋಗಿದ್ದರೆ ನನಗೆ ಬರುವ ಪತ್ರ ಆರು ಪುಟಕ್ಕೆ ನಿಲ್ಲುತ್ತಿತ್ತಾ?

ನೇರ ಹೇಳಬಹುದಿತ್ತಲ್ಲ ಅಂತ ಕೇಳಿದ್ದೀರಿ. ಹೇಳಿದ್ದಾರಲ್ಲ, ಮಾರ್ಚ್‌ನಲ್ಲಿ. ನಗುತ್ತಾ ಹೇಳಿದ್ದಕ್ಕೆ ನೀವು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಬೇಕಾದವರ ಹತ್ತಿರ ಮೊದಲ ಸಲ ಎಲ್ಲರೂ ಹಾಗೇ ಹೇಳುತ್ತಾರೆ, ಮನಸ್ಸಿಗೆ ನೋವಾಗಬಾರದು ಅಂತ. ಹಾಗಂತ ಸೊಸೈಟಿಗೆ ಬರೆದುಕೊಟ್ಟಿದ್ದನ್ನು ನಾನು ಸರಿ ಅನ್ನುವುದಿಲ್ಲ. ಅದು ನನಗೂ ಚುಚ್ಚಿತು. ಇಷ್ಟು ವರ್ಷದ ಗೆಳೆತನದಲ್ಲಿ ಒಂದು ಮಹಡಿ ಹತ್ತಿ ಬಂದು ಬಾಯ್ತುಂಬ ಬೈಯುವಷ್ಟು ಸಲಿಗೆ ಇರಬೇಕಿತ್ತು. ಆ ಮಾತು ಅವರನ್ನು ಕೇಳಿ, ಖಂಡಿತ ಕೇಳಿ. ಆದರೆ ಆಮೇಲೆ. ಮೊದಲು ನಿಮ್ಮ ಬಾಕಿ ತೀರಲಿ.

ಇದನ್ನು ನಾನು ಎತ್ತರದಲ್ಲಿ ಕೂತು ಹೇಳುತ್ತಿಲ್ಲ. ಮುಲುಂಡಿನ ಹಳೇ ಮನೆಯಲ್ಲಿದ್ದಾಗ ನಾನೂ ಕಿಟಕಿಯಲ್ಲಿ ಕರಿಬೇವು ಬೆಳೆಸಿದ್ದೆ. ಬೆಳಿಗ್ಗೆ ಅಕ್ಕಿ ತೊಳೆದ ನೀರನ್ನು ಧಾರಾಳವಾಗಿ ಸುರಿಯುವುದು. ಕೆಳಗಿನ ಮನೆಯ ಅಜ್ಜ ದಿನಾ ಕಿಟಕಿ ಹತ್ತಿರ ಛತ್ರಿ ಬಿಡಿಸಿಕೊಂಡು ಪೇಪರ್ ಓದುತ್ತಿದ್ದರು. ಡಿಸೆಂಬರ್ ತಿಂಗಳಲ್ಲಿ! ವಯಸ್ಸಾದವರು, ಏನೋ ಒಂದು ಹುಚ್ಚು ಅಂದುಕೊಂಡು ಮನೆಯವರಿಗೆಲ್ಲ ಹೇಳಿ ನಕ್ಕಿದ್ದೇ ನಕ್ಕಿದ್ದು. ಛತ್ರಿ ಯಾಕೆ ಅಂತ ತಿಳಿದಾಗ ಎರಡು ವರ್ಷ ಕಳೆದಿತ್ತು, ಅವರು ಮನೆ ಬಿಟ್ಟು ಮಗನ ಹತ್ತಿರ ಹೋಗಿಯಾಗಿತ್ತು. ಹೇಳಿದ್ದು ಅವರ ಸೊಸೆ, ಮಾರ್ಕೆಟ್‌ನಲ್ಲಿ ಸಿಕ್ಕಾಗ. ನನ್ನ ಕೈಯಲ್ಲಿದ್ದ ಕೊತ್ತಂಬರಿ ಕಟ್ಟು ಹಾಗೇ ಉಳಿಯಿತು.

ನಿಮಗೆ ಆ ಗತಿ ಇಲ್ಲ. ನಿಮ್ಮ ವಹಿನಿ ಇನ್ನೂ ಅದೇ ಬಿಲ್ಡಿಂಗ್‌ನಲ್ಲಿದ್ದಾರೆ, 18 ಮೆಟ್ಟಿಲು ಕೆಳಗೆ. ಹೋಗಿ. ಕೈಯಲ್ಲಿ ಏನೂ ಹಿಡಿದುಕೊಂಡು ಹೋಗಬೇಡಿ. ಬಸಳೆಯೂ ಬೇಡ, ಡಬ್ಬಿಯಲ್ಲಿ ಚಕ್ಕುಲಿಯೂ ಬೇಡ. ನೋಟೀಸು ಹಿಂದಕ್ಕೆ ತೆಗೆಸಲು ಬಂದ ಹಾಗೆ ಕಾಣುತ್ತದೆ. "ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ" ಅನ್ನುವ ಮಾತಂತೂ ಬೇಡವೇ ಬೇಡ, ಆ "ಏನಾದರೂ" ಅನ್ನುವುದು ಬೆಂಕಿಗೆ ತುಪ್ಪ. ನಿಮ್ಮ ಕಂದೀಲು ನನ್ನ ನೀರಿನಿಂದ ಹಾಳಾಯಿತು, ಮಾರ್ಚ್‌ನಲ್ಲಿ ನೀವು ಹೇಳಿದಾಗಲೇ ನಾನು ಕೇಳಬೇಕಿತ್ತು ಅನ್ನಿ. ಲೋಕಲ್‌ನಲ್ಲಿ ಮಾತಾಡುತ್ತಿದ್ದಿರಲ್ಲ ಅರ್ಧ ಮರಾಠಿ ಅರ್ಧ ಹಿಂದಿ, ಅದರಲ್ಲೇ ಹೇಳಿ. ಅವರು ಸುಮ್ಮನಿದ್ದರೆ ನೀವೂ ಸುಮ್ಮನೆ ಕೂತಿರಿ. ಕೂರು ಅನ್ನದಿದ್ದರೆ ವಾಪಸ್ ಬನ್ನಿ. ಒಂದೇ ಸಲಕ್ಕೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳಲಾರೆ. ಆದರೆ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಆ ರಾತ್ರಿ, ಫೋನೂ ಹತ್ತದೆ ಕರೆಂಟೂ ಇಲ್ಲದೆ, ನಿಮ್ಮ ಮಗನಿಗೆ ಉಣಿಸಿ ಮಲಗಿಸಿದ ಹೆಂಗಸು ಅವರು. ಅಷ್ಟು ಬೇಗ ಕೈಬಿಡುವ ಪೈಕಿ ಅಲ್ಲ ಅಂತ ನನಗನಿಸುತ್ತದೆ.

ಇನ್ನು ಕುಂಡಗಳು. ಇಲ್ಲಿ ನಾನು ಸ್ವಲ್ಪ ಸೊಸೈಟಿ ಸೆಕ್ರೆಟರಿ ಪಕ್ಷ, ಬೇಜಾರು ಮಾಡಿಕೊಳ್ಳಬೇಡಿ. ಹತ್ತಿಂಚಿನ ಕುಂಡಕ್ಕೆ ಕೆಮ್ಮಣ್ಣು ತುಂಬಿ ನೀರು ಹಾಕಿದರೆ ತೂಕ ಹತ್ತು ಕಿಲೋ ಮೀರುತ್ತದೆ. 23 ಕುಂಡ ಅಂದರೆ ಎರಡು ಕ್ವಿಂಟಲ್ ಮೇಲಾಯಿತು. ಅದೆಲ್ಲ ಗೋಡೆಗೆ ಹೊಡೆದ ಕೆಲವು ಬೋಲ್ಟ್‌ಗಳ ಮೇಲೆ ನೇತಾಡುತ್ತಿದೆ, ಆ ಬೋಲ್ಟ್‌ಗಳು ಎಷ್ಟು ಮಳೆಗಾಲ ಕಂಡಿವೆಯೋ. ಕೆಳಗೆ ಮಕ್ಕಳು ಕ್ರಿಕೆಟ್ ಆಡುತ್ತಿರುತ್ತಾರೆ. ಹಾಗಾಗಿ ಅರ್ಧಕ್ಕರ್ಧ ಕುಂಡ ಗ್ರಿಲ್ಲಿನಿಂದ ಇಳಿಯಲೇಬೇಕು. ಭಾರದವು ಒಳಗೆ, ಕಿಟಕಿಯ ಪಕ್ಕ ನೆಲದ ಮೇಲೆ ಬರಲಿ. ಬೆಂಕಿ ಗಿಂಕಿ ಆದರೆ ಹೊರಬರಲು ಗ್ರಿಲ್ಲಿನಲ್ಲಿ ಇಟ್ಟಿರುವ ಸಣ್ಣ ಬಾಗಿಲಿಗೆ ಅಡ್ಡ ಒಂದೂ ಇರಬಾರದು. ಬಸಳೆ ಮಾತ್ರ ಗ್ರಿಲ್ಲಿಗೇ ಇರಲಿ, ಅದಕ್ಕೆ ಹಬ್ಬಲು ಕಂಬಿ ಬೇಕಲ್ಲ. ದೊಡ್ಡಪತ್ರೆ, ಒಂದೆಲಗಕ್ಕೆ ಆಳದ ಕುಂಡವೇ ಬೇಡ, ಅಂಗೈಯಗಲದ ಬೋಗುಣಿ ಸಾಕು.

ಮಣ್ಣಿನ ವಿಷಯ. ಊರ ಮಣ್ಣು ಬಿಡಿ ಅಂದರೆ ನೀವು ಕೇಳುವುದಿಲ್ಲ, ಗೊತ್ತು. ಮೂರರಲ್ಲಿ ಒಂದು ಪಾಲು ಅದಿರಲಿ. ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಕೋಕೋಪೀಟ್. ತೂಕವೂ ಇಳಿಯುತ್ತದೆ, ನೀರೂ ಜಾಸ್ತಿ ಹೊತ್ತು ನಿಲ್ಲುತ್ತದೆ. ಕೋಕೋಪೀಟನ್ನು ಮಾತ್ರ ಬಕೆಟ್‌ನಲ್ಲಿ ನೆನೆಸಿ ಎರಡು ಮೂರು ಸಲ ಹಿಂಡಿ ನೀರು ಚೆಲ್ಲಿ. ಇಲ್ಲದಿದ್ದರೆ ಅದೂ ಚಹಾದಂಥ ಕಂದು ನೀರು ಬಿಡುತ್ತದೆ, ಮತ್ತೆ ಕೆಳಗೆ ಅದೇ ಕಥೆ. ಪ್ರತಿ ಕುಂಡದ ಅಡಿಗೆ ತಟ್ಟೆ ಇಡಿ. ಪೈಪ್ ಬೇಡ, ಮಗ್‌ನಲ್ಲಿ ನಿಧಾನ ಹಾಕಿ. ತಟ್ಟೆಯಲ್ಲಿ ನೀರು ಕಂಡ ಕೂಡಲೇ ನಿಲ್ಲಿಸಿ. ಆ ನೀರನ್ನು ಚೆಲ್ಲದೆ ಬಿಡಬೇಡಿ. ಡೆಂಗಿ ಹರಡುವ ಸೊಳ್ಳೆ ಇಂಥ ನಿಂತ ನೀರಲ್ಲೇ ಮೊಟ್ಟೆ ಇಡುವುದು, ಮೊಟ್ಟೆ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. ನೋಟೀಸಿಗೆ ಉತ್ತರವನ್ನೂ ಬರವಣಿಗೆಯಲ್ಲೇ ಕೊಡಿ. ಇಷ್ಟು ಕುಂಡ ಇಳಿಸಿದ್ದೇನೆ, ಉಳಿದದ್ದಕ್ಕೆ ತಟ್ಟೆ ಇಟ್ಟಿದ್ದೇನೆ, ಬಂದು ನೋಡಿ ಅಂತ. ಸೆಕ್ರೆಟರಿ ಬಂದರೆ ಮಜ್ಜಿಗೆ ಹುಲ್ಲಿನ ಚಹಾ ಕೊಡಿ. ಕಾಂಪೌಂಡಿನ ಮೂಲೆಯಲ್ಲಿ ಎರಡು ಅಡಿ ಜಾಗ ಸಿಗುತ್ತದಾ ಅಂತ ಆ ಚಹಾ ಮುಗಿಯುವುದರೊಳಗೆ ಕೇಳಿಬಿಡಿ. ನಾಲ್ಕು ದೊಡ್ಡ ಕುಂಡಕ್ಕೆ ದಾರಿಯಾಗಬಹುದು.

"ಏನು ಲಾಭ" ಅನ್ನುವ ನಿಮ್ಮ ಯಜಮಾನರಿಗೆ ಒಂದು ಸಂಗತಿ ಹೇಳಿ. ವಾರ್ಲಿ ಚಿತ್ರ ನಿಮ್ಮಿಂದ ದೂರವೇನಲ್ಲ, ಪಾಲ್ಘರ್ ಜಿಲ್ಲೆಯ ಡಹಾಣು ಕಡೆಯದು. ಅಲ್ಲಿ ಹೆಂಗಸರು ಮದುವೆ ಬಂದಾಗ ಗೋಡೆಗೆ ಅಕ್ಕಿ ಹಿಟ್ಟಿನಲ್ಲಿ ಬರೆಯುತ್ತಿದ್ದರು. ಜಿವ್ಯಾ ಸೋಮಾ ಮಶೆ ಅನ್ನುವವರು ಮದುವೆಯ ನೆಪ ಇಲ್ಲದೆ ದಿನಾ ಬರೆಯತೊಡಗಿದರು. ಗಂಡಸಿಗೆ ಯಾಕಪ್ಪಾ ಇದು ಅಂತ ಅವರಿಗೂ ಯಾರಾದರೂ ಹೇಳಿರಲೇಬೇಕು. 2011ರಲ್ಲಿ ಪದ್ಮಶ್ರೀ ಬಂತು. ನಿಮಗೆ ಪದ್ಮಶ್ರೀ ಬರುತ್ತದೆ ಅಂತ ನಾನು ಹೇಳುತ್ತಿಲ್ಲ, ಯಜಮಾನರ ಬಾಯಿ ಮುಚ್ಚಿಸಲು ಅಷ್ಟೇ. ನಿಜ ಹೇಳಬೇಕೆಂದರೆ ಅವರ ಮಾತಿಗೆ ಉತ್ತರವೇ ಬೇಕಿಲ್ಲ. ಅವರ ಕ್ರಿಕೆಟ್ ನೋಡುವುದರಲ್ಲಿ ಏನು ಲಾಭ ಅಂತ ನೀವು ಕೇಳಿದ್ದೀರಾ?

ನನಗೆ ಹೆಚ್ಚು ಹಿಡಿಸಿದ್ದು ಬೇರೆ. ನಿಮ್ಮ ಅಮ್ಮ ಕೆಮ್ಮಣ್ಣು ಸಾರಿಸಿದ ಗೋಡೆಗೆ ಪುಂಡಿ ನಾರಿನ ಕುಂಚದಲ್ಲಿ ಹಸೆ ಬರೆಯುತ್ತಿದ್ದರು ಅಂತ ಬರೆದಿದ್ದೀರಲ್ಲ, ಅದಕ್ಕೂ ಬಿಳಿ ಬಣ್ಣ ಅಕ್ಕಿಯದ್ದೇ. ವಾರ್ಲಿಯವರದು ಗೇರು ಅನ್ನುವ ಕೆಂಪು ಕಾವಿ ಬಳಿದ ಗೋಡೆ, ನಿಮ್ಮದು ಕೆಮ್ಮಣ್ಣಿನ ಗೋಡೆ. ಮೊದಲ ಭಾನುವಾರ ವಹಿನಿ ನಿಮ್ಮ ಕುಂಡ ನೋಡಿ "ಅಗ, ಇದು ನಮ್ಮದೇ" ಅಂದರಂತೆ, ನೀವು "ಅಲ್ಲ, ನಮ್ಮದು" ಅಂದಿರಂತೆ. ಅದನ್ನು ಓದಿ ನಾನು ಒಬ್ಬಳೇ ನಕ್ಕೆ. ಗಿಡಗಳ ಮೂರು ಪುಟವನ್ನು ಇನ್ನೊಮ್ಮೆ ತೆಗೆದು ಓದಿ ಅಕ್ಕಾ. ದೊಡ್ಡಪತ್ರೆ ಕೊಯ್ದಾಗೆಲ್ಲ ನೀವು ತಂಬುಳಿ ಮಾಡಿದ್ದೀರಿ, ಅವರು ಓವಾ ಅಂತ ಭಜಿ ಕರಿದಿದ್ದಾರೆ. ಮಜ್ಜಿಗೆ ಹುಲ್ಲು ಕೆಳಗಿನ ಮನೆಗೆ ಹೋಗುವಷ್ಟರಲ್ಲಿ ಗವತಿ ಚಹಾ ಆಗಿದೆ. ಬಸಳೆಯನ್ನು ಚೀಲದಲ್ಲಿ ಹಾಕಿ ಹಗ್ಗ ಕಟ್ಟಿ ಕಿಟಕಿಯಿಂದ ಇಳಿಸಿದ್ದೀರಿ. ತುಳಸಿ ಮದುವೆಗೆ ನಿಮ್ಮ ನೆಲ್ಲಿ ಟೊಂಗೆ, ಅವರ ಕಬ್ಬಿನ ಜಲ್ಲೆ. ಈ ವರ್ಷ ಒಬ್ಬರೇ ಮಾಡಿದಿರಂತೆ, ಹಾಡಿಗೆ ಜೊತೆ ಇರಲಿಲ್ಲವಂತೆ. ನೀರು ಹಾಕುವಾಗ ಯಾಕೆ ಖುಷಿ ಇಲ್ಲ ಅಂತ ನನ್ನನ್ನು ಕೇಳುತ್ತೀರಲ್ಲ!

ಅಬ್ಬಲಿಗೆಗೆ ಮರಾಠಿಯಲ್ಲಿ ಅಬೋಲಿ ಅನ್ನುತ್ತಾರೆ, ನಿಮಗೆ ಗೊತ್ತು. ಮಾತು ಬಿಡುವುದಕ್ಕೆ, ನಾವು ಠೂ ಬಿಡುವುದು ಅನ್ನುತ್ತೇವಲ್ಲ, ಅದಕ್ಕೆ ಅಬೋಲಾ ಅನ್ನುತ್ತಾರೆ. ಈಗ ನಿಮ್ಮ ಕಿಟಕಿಯಲ್ಲಿ ಎರಡೂ ಹೂ ಬಿಟ್ಟಿವೆ. ಒಣಗಿದ ಅಬ್ಬಲಿಗೆ ಕಾಯಿಗೆ ನೀರು ತಾಗಿದರೆ ಪಟ್ ಅಂತ ಸಿಡಿದು ಬೀಜ ಹಾರುತ್ತದೆ. ಇಷ್ಟು ದಿನದಲ್ಲಿ ಒಂದೆರಡು ಬೀಜ ಕೆಳಗಿನ ಮನೆಯ ಕಿಟಕಿ ಸಂದಿಗೂ ಬಿದ್ದಿರಬಹುದು. ಹೋದಾಗ ಸುಮ್ನೆ ಕಣ್ಣಾಡಿಸಿ.

ಸಂಕ್ರಾಂತಿಯ ಹಳದಿ ಕುಂಕುಮಕ್ಕೆ ಹೇಗೂ ಕರೆಯುತ್ತಾರೆ, ತಿಳಗುಳ್ ಕೊಟ್ಟು "ಗೋಡ್ ಗೋಡ್ ಬೋಲಾ" (ಸಿಹಿಸಿಹಿಯಾಗಿ ಮಾತಾಡಿ) ಅನ್ನುತ್ತಾರೆ, ಆಗ ನೋಡೋಣ ಅಂತ ನೀವು ಲೆಕ್ಕ ಹಾಕುತ್ತಿರಬಹುದು. ಬೇಡ. ಹತ್ತು ಜನರ ಮುಂದೆ ಅವರು ಎಳ್ಳುಂಡೆ ಕೊಡುತ್ತಾರೆ, ನೀವು ತಿನ್ನುತ್ತೀರಿ, ಕಂದೀಲಿನ ಮಾತು ಹಾಗೇ ಉಳಿಯುತ್ತದೆ. ಈ ವಾರವೇ ಹೋಗಿ. ಎಲ್ಲ ಸರಿಹೋದರೆ ಆಗ ನಿಮ್ಮ ಮನೆಯಿಂದ ಕೊಡುವ ವಾಣಕ್ಕೆ, ಅಂದರೆ ಹಳದಿ ಕುಂಕುಮದ ಉಡುಗೊರೆಗೆ, ದೊಡ್ಡಪತ್ರೆ ಕಡ್ಡಿ ಈಗಲೇ ನೀರಿನ ಲೋಟದಲ್ಲಿ ನಿಲ್ಲಿಸಿಡಿ, ಸಂಕ್ರಾಂತಿಗೆ ಬೇರು ಬಂದಿರುತ್ತದೆ. ಪುಟ್ಟ ಪುಟ್ಟ ಕುಂಡಕ್ಕೆ ಚಿತ್ರ ಬರೆಯಲು ಜೊತೆ ಬೇಕಾಗುತ್ತದೆ, ಅಲ್ವಾ?

ಮಧ್ಯಾಹ್ನ ಮೂರರ ಮೇಲೆ ಹೋಗಿ, ಅವರ ನಿದ್ದೆ ಮುಗಿದಿರುತ್ತದೆ. ಬಾಗಿಲು ತೆಗೆದವರು ಅವರ ಯಜಮಾನರಾದರೆ ನೋಟೀಸು, ನೀರು, ಗ್ರಿಲ್ಲು ಅಂತ ಏನೂ ಶುರು ಮಾಡಬೇಡಿ. "ವಹಿನಿ ಆಹೇತ್ ಕಾ?" ಅಂತ ಕೇಳಿ, ಚಪ್ಪಲಿ ಬಿಟ್ಟು ಒಳಗೆ ಹೋಗಿ.